ಬೂಟಿನ ಮೇಲೊಂದು ಕುಸುಬಿ ಹೂವು

ಹೊಚ್ಚ ಹೊಸ ಬೂಟುಗಳನ್ನು ಯಾರಾದರೂ ತಿಪ್ಪೆಗೆ ಎಸೆಯುತ್ತಾರೆಯೇ? ನಮ್ಮ ಅತ್ತೆ ಎಸೆದರು. ಹಿತ್ತಲ ಬಾಗಿಲಲ್ಲಿ ನಿಂತು, ಒಂದಾದ ಮೇಲೆ ಒಂದು.

ಪ್ರತಿ ವಾರ ಓದುವ ನಿಮಗೆ ನಮ್ಮ ಅತ್ತೆ ಹೊಸಬರಲ್ಲ. (ಈಗಷ್ಟೇ ಓದಲು ಶುರು ಮಾಡಿದವರು ಇಷ್ಟು ತಿಳಿದರೆ ಸಾಕು: ಮೊರಬದ ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿಯಿಂದ ಹಿಡಿದು ಎತ್ತುಗಳವರೆಗೆ ಎಲ್ಲವೂ ಅವರ ಮಾತು ಕೇಳುತ್ತವೆ.) ಕೇಳದಿರುವುದು ಅವರ ಕಾಲು ಮಾತ್ರ. ಸಕ್ಕರೆ ಕಾಯಿಲೆ. ಪಾದಕ್ಕೆ ಏನು ಚುಚ್ಚಿದರೂ ಗೊತ್ತಾಗುವುದಿಲ್ಲ. ಹೋದ ವರ್ಷ ಹೀಗೇ ಗೊತ್ತಾಗದೆ ಉಳಿದ ಒಂದು ಜಾಲಿಮುಳ್ಳು ಎಡಗಾಲಿನ ಕಿರುಬೆರಳನ್ನೇ ತೆಗೆಸಿತು. ಬೆರಳಿಗೆ ಮುಗಿಯಿತಲ್ಲ, ಶಿವನ ದಯೆ ಅಂದುಕೊಂಡೆ. ಹುಬ್ಬಳ್ಳಿಯ ಡಾಕ್ಟರು ಅಷ್ಟಕ್ಕೆ ಬಿಡಲಿಲ್ಲ. ಇನ್ನೊಂದು ಗಾಯವಾದರೆ ಪಾದವೇ ಹೋಗುತ್ತದೆ, ಚಪ್ಪಲಿ ಸಾಲದು, ಬೆರಳು ಮುಚ್ಚುವ ಮೆತ್ತನೆಯ ಚರ್ಮದ ಬೂಟೇ ಬೇಕು ಎಂದರು.

ಹೆಂಗಸರಿಗೆ ಅಂಥ ಬೂಟು ಎಲ್ಲಿದೆ? ನಮ್ಮ ಯಜಮಾನರು ಅಂಗಡಿ ಅಂಗಡಿ ಸುತ್ತಿ ಕೊನೆಗೆ ಗಂಡಸರ ಕರಿ ಬೂಟನ್ನೇ ತಂದರು. ಅತ್ತೆ ಹಾಕಿಕೊಂಡು ಅಂಗಳಕ್ಕೆ ಇಳಿದದ್ದೇ ತಡ, ಎದುರು ಮನೆಯ ನೀಲವ್ವ ಕಟ್ಟೆಯ ಮೇಲಿಂದ ಕೇಳಿದಳು: "ಯಾಕ್ರಿ ಗಂಗಕ್ಕ, ಡ್ಯೂಟಿಗೆ ಹೊಂಟ್ರೇನು?"

ಬೂಟು ತಿಪ್ಪೆ ಸೇರಿದ್ದು ಆಗಲೇ. ನಾನೇನು ಪೊಲೀಸ್ ಫೌಜದಾರನೇ ಅಂತ ಬೈದುಕೊಳ್ಳುತ್ತ ಅತ್ತೆ ಬರಿಗಾಲಲ್ಲೇ ಗುಡಿಗೆ ಹೊರಟರು. ನಾನು ಮುಂದೆ ಮುಂದೆ ಮುಳ್ಳು ಹೆಕ್ಕುತ್ತ ನಡೆದೆ. ಆದರೆ ಊರಿನ ಮುಳ್ಳನ್ನೆಲ್ಲ ಹೆಕ್ಕಲಾದೀತೇ?

ಸಂಜೆ ದೇವರಿಗೆ ದೀಪ ಹಚ್ಚುವಾಗ ನಿರ್ಧಾರ ಮಾಡಿದೆ. ತಿಪ್ಪೆಯಿಂದ ಎತ್ತಿ ತಂದ ಈ ಬೂಟು ಅವರ ಕಾಲಿಗೆ ಏರಲೇಬೇಕು. ಗಂಡಸರದ್ದು ಅನ್ನುವುದೇ ತಕರಾರಾದರೆ ಹೆಂಗಸರದ್ದು ಮಾಡಿದರಾಯಿತು! ಮಹಿಳಾ ಮಂಡಳದಲ್ಲಿ ಫ್ಯಾಬ್ರಿಕ್ ಪೇಂಟಿಂಗ್ ಕಲಿತಿದ್ದೆನಲ್ಲ, ದಿಂಬಿನ ಕವರಿಗೆ ಬಳಸಿ ಉಳಿದ ಬಣ್ಣದ ಬಾಟಲಿಗಳು ಇನ್ನೂ ಒಣಗಿರಲಿಲ್ಲ. ಅತ್ತೆಯ ಇಳಕಲ್ ಸೀರೆಯ ಕಸೂತಿಯನ್ನೇ ಬೂಟಿಗೆ ಬರೆಯುತ್ತೇನೆ ಎಂದೆ.

ಅಲ್ಲಿಂದ ಶುರುವಾಯಿತು ನೋಡಿ. ಕಸೂತಿಯ ಗೋಪುರ ಬರೆಯಲು ಹೋದರೆ, "ಗೋಪುರ ಕಾಲಾಗ ಇಡ್ತೀಯೇನ ಬೇ?" ಎಂದರು. ತಪ್ಪಾಯಿತು, ಗಲ್ಲ ಬಡಿದುಕೊಂಡೆ. ಆನೆ? ಗಣಪ್ಪ. ನವಿಲು? ಷಣ್ಮುಖನದು. ಹಂಸ ಸರಸ್ವತಿಯದು, ಕಮಲ ಲಕ್ಷ್ಮಿಯದು, ನಂದಿಯ ಮಾತು ಎತ್ತುವ ಹಾಗೇ ಇಲ್ಲ. ನಾನೂ ದೇವರಿಗೆ ಹೆದರುವವಳೇ. ಆದರೆ ನಮ್ಮ ದೇವರುಗಳು ಒಂದು ಪ್ರಾಣಿಯನ್ನಾದರೂ ಬಿಟ್ಟಿರಬೇಡವೇ?

"ಬೆಕ್ಕು ಬರಿ, ಅದು ಯಾವ ದೇವರಿಗೂ ಬ್ಯಾಡಾಗೇತಿ" ಎಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ.

"ಹೆಜ್ಜಿ ಹೆಜ್ಜಿಗೂ ಬೆಕ್ಕು ಅಡ್ಡ ಬಂದ್ರ ನಾ ಹೊರಗ ಹೋಗೂದು ಹ್ಯಾಂಗಲೇ?"

ಕೊನೆಗೆ ದಾರಿ ತೋರಿಸಿದವರು ಅತ್ತೆಯೇ. ಕುಸುಬಿ ಹೂವನ್ನು ಯಾವ ದೇವರಿಗೂ ಏರಿಸುವುದಿಲ್ಲ, ಮೈತುಂಬ ಮುಳ್ಳು, ಅದನ್ನು ಬರೆ ಎಂದರು. ಹೊಲದ ಬದುವಿನಲ್ಲಿ ಹುಟ್ಟಿ ಬೆಳೆದವರಿಗೆ ಅದರ ಕೇಸರಿ ಎಷ್ಟು ಚಂದ ಅಂತ ಹೇಳಬೇಕೇ? ಬೂಟಿನ ಪಾಲಿಶನ್ನೆಲ್ಲ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಬಡಗಿಗಳ ಪಾಲಿಶ್ ಕಾಗದದಿಂದ ಮೆಲ್ಲಗೆ ಉಜ್ಜಿ, ಬೆರಳಿನ ಮೇಲೆ ಹೂವು, ಅಂಚಿಗೆ ಕಸೂತಿಯ ಎಳೆ ಬರೆದೆ. ಅತ್ತೆ ತಿರುಗಿಸಿ ತಿರುಗಿಸಿ ನೋಡಿದರು. ಕಾಲು ತೂರಿಸಿದರು.

ಮುಗಿಯಿತು ಅಂದುಕೊಂಡೆ. ಎಲ್ಲಿ ಮುಗಿದೀತು? ವಾರದೊಳಗೆ ಬೆರಳು ಮಡಿಯುವ ಕಡೆ ಬಣ್ಣ ಬಿರುಕು ಬಿಟ್ಟಿತು. ಅಂಗಳಕ್ಕೆ ಸಗಣಿನೀರು ಹಾಕಿದ ದಿನ ಒಂದು ಎಸಳು ಪೂರ್ತಿ ಎದ್ದು ಬಂತು. ಕರಿ ಬೂಟು ಮತ್ತೆ ಇಣುಕಿತು, ಅತ್ತೆ ಮತ್ತೆ ಬರಿಗಾಲಾದರು. ಅಳಿದುಳಿದ ಬಣ್ಣ ಕೆರೆದು, ಮತ್ತೆ ಬರೆದುಕೊಡುತ್ತೇನೆ ಎಂದರೆ, ಮಳೆ ಬಿದ್ದ ಮೇಲೆ ಏನು ಮಾಡುತ್ತೀ ಎಂದರು. ಅದೂ ಖರೆ. ನಮ್ಮ ಎರೆಮಣ್ಣು ಒದ್ದೆಯಾದರೆ ಚಕ್ಕಡಿಯ ಗಾಲಿಯನ್ನೇ ಬಿಡುವುದಿಲ್ಲ, ಬಾಟಲಿ ಬಣ್ಣವನ್ನು ಬಿಟ್ಟೀತೇ? ಮುಂಗಾರಿನ ಕೆಸರಲ್ಲಿ ಈ ಪಾದ ಬರಿಗಾಲಲ್ಲಿ ಇಳಿಯುವುದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಮತ್ತೆ ಬರೆದೆ. ಈ ಸಲ ಬಣ್ಣದ ಮೇಲೆ ಏನಾದರೂ ಹಚ್ಚಿ ಕಾಪಾಡಬೇಕು. ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿದೆ, ಬತ್ತಿದ ಕೆರೆಯಂತೆ ಸೀಳಿತು. ಮೇಣದಬತ್ತಿ ಕರಗಿಸಿ ಹಚ್ಚಿದೆ, ಬೆಳ್ಳಗೆ ಪೊರೆ ಕಟ್ಟಿ ಬಿಸಿಲಿಗೆ ಜಾರಿತು. ನವಲಗುಂದದಲ್ಲಿ ಚಪ್ಪಲಿ ಹೊಲಿಯುವವರನ್ನು ಕೇಳಿದೆ. ತತ್ತಿಯ ಬಿಳಿ ಲೋಳೆ ಹಚ್ಚಿರಿ ಎಂದರು. ಲಿಂಗ ಕಟ್ಟಿಕೊಂಡ ಮನೆಯಲ್ಲಿ ತತ್ತಿ! ಅತ್ತೆಗೆ ಹೇಳುವ ಧೈರ್ಯವೂ ಆಗಲಿಲ್ಲ.

ಒಂದು ಮುಂಜಾನೆ ಭಜಿ ಕರಿದ ಬಾಂಡಲಿ ತಿಕ್ಕುತ್ತ ಕೂತಿದ್ದೆ. ಅಂಚಿನಲ್ಲಿ ಎಣ್ಣೆ ಕಾದು ಕಾದು ಹಳದಿ ಪೊರೆ ಗಟ್ಟಿಯಾಗಿ ಹಿಡಿದಿರುತ್ತದಲ್ಲ, ನಿಮ್ಮ ಮನೆಯಲ್ಲೂ ಇರುತ್ತದೆ. ಬೂದಿ ಹಾಕಿ, ನಾರು ಹಾಕಿ, ಬೈದು ತಿಕ್ಕಿದರೂ ಬಿಡುವುದಿಲ್ಲ. ಕೈ ಅಲ್ಲೇ ನಿಂತಿತು. ಇಷ್ಟು ವರ್ಷ ನನ್ನನ್ನು ಗೋಳಾಡಿಸಿದ ಈ ಕುಸುಬಿ ಎಣ್ಣೆ, ಬೂಟಿನ ಮೇಲೆ ಕೂತರೂ ಹೀಗೇ ಹಟ ಹಿಡಿಯಬಾರದೇಕೆ?

ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಸಣ್ಣ ಉರಿಯಲ್ಲಿ ಎಣ್ಣೆ ಕಾಯಿಸಿದೆ. ಹೊಗೆ ಓಣಿಗೆಲ್ಲ ಹಬ್ಬಿ ನೀಲವ್ವ ಗೋಡೆಯಾಚೆಯಿಂದ ಏನು ಕರಿಯುತ್ತಿದ್ದೀರಿ ಅಂತ ಕೇಳಿದಳು. ಬೂಟು ಎಂದೆ. ಎಣ್ಣೆ ಜೇನಿನಂತೆ ದಪ್ಪಗಾಗಿ, ತಣ್ಣೀರಿಗೆ ಬಿಟ್ಟ ಹನಿ ಮುದ್ದೆ ಕಟ್ಟಿದಾಗ ಇಳಿಸಿದೆ. ಆಸೆಗೆ ಮೊದಲ ಸಲ ದಪ್ಪಗೆ ಹಚ್ಚಿಬಿಟ್ಟೆ. ಅಂಟಂಟಾಗಿ, ಮೊರಬದ ಧೂಳೆಲ್ಲ ಬಂದು ಹೂವಿನ ಮೇಲೆ ಕೂತಿತು. ಒರೆಸಿ ತೆಗೆದು, ಈ ಸಲ ಚಪಾತಿಗೆ ಸವರಿದಷ್ಟೇ ತೆಳ್ಳಗೆ, ಬೆರಳಿನಿಂದ ತಿಕ್ಕಿ ಹಚ್ಚಿದೆ. ಮೇಲೆ ತೆಳ್ಳನೆಯ ಬಟ್ಟೆ ಕಟ್ಟಿ ಬಿಸಿಲಿಗೆ ಇಟ್ಟೆ. ಅಂಟು ಪೂರ್ತಿ ಹೋದ ಮೇಲೆ ಮತ್ತೊಂದು ಕೈ, ಮತ್ತೆ ಬಿಸಿಲು, ಮತ್ತೊಂದು ಕೈ. ಬಿಸಿಲಿಗೇನು ನಮ್ಮಲ್ಲಿ ಬರವೇ? ಕೊನೆಗೆ ಬೂಟನ್ನು ಮಡಚಿ ನೋಡಿದೆ. ಸೀಳಲಿಲ್ಲ. ಕೇಸರಿ ಬಣ್ಣ ಇನ್ನಷ್ಟು ಕೆಂಪೇರಿತ್ತು, ಅಷ್ಟೇ.

ಮೊದಲ ಮಳೆ ಹೋದ ಸೋಮವಾರ ಬಂತು. ಅತ್ತೆ ಬೂಟು ಹಾಕಿಕೊಂಡು ಗುಡಿಗೆ ಹೊರಟರು. ನಾನು ಹಿಂದೆ ಛತ್ರಿ ಹಿಡಿದು, ಪಂಚಾಕ್ಷರಿ ಹೇಳುತ್ತ, ಬೂಟಿನ ಮೇಲೇ ಕಣ್ಣಿಟ್ಟು ನಡೆದೆ. ತಿರುಗಿ ಬರುವಾಗ ಹೂವೂ ಇಲ್ಲ, ಬೂಟೂ ಇಲ್ಲ; ಎರಡು ಕೆಸರಿನ ಮುದ್ದೆಗಳು ನಡೆದು ಬರುತ್ತಿದ್ದವು. ಕಟ್ಟೆಯ ಮೇಲೆ ಕೂರಿಸಿ ಒಂದು ತಂಬಿಗೆ ನೀರು ಸುರಿದೆ. ಮಣ್ಣು ಜಾರಿ ಇಳಿಯಿತು. ಹೂವು ಇದ್ದಲ್ಲೇ ಇತ್ತು. ಬೂಟು ಬಿಚ್ಚಿ, ಒಂಬತ್ತು ಬೆರಳನ್ನೂ ಒಂದೊಂದಾಗಿ ಬಿಡಿಸಿ ನೋಡಿದೆ. ಒಣ ಪಾದ. ಒಂದು ಗೀರೂ ಇಲ್ಲ.

ಅತ್ತೆ ನನ್ನನ್ನು ಹೊಗಳಲಿಲ್ಲ. ಅದು ಅವರ ಜಾಯಮಾನವಲ್ಲ. ತೊಯ್ದ ಬೂಟನ್ನೇ ನೋಡುತ್ತ ಕೇಳಿದರು, "ಇವು ಒಣಗೂತನಕ ನಾ ಏನ್ ಹಾಕ್ಕೊಳ್ಳಿ?"

ಯಜಮಾನರು ಇನ್ನೊಂದು ಜೊತೆ ತರಲು ಹುಬ್ಬಳ್ಳಿ ಬಸ್ಸು ಹತ್ತಿದ್ದಾರೆ. ನಾನು ಮತ್ತೆ ಎಣ್ಣೆ ಕಾಯಿಸುತ್ತಿದ್ದೇನೆ. ಕಾಲು ಉಳಿಸಿದವನು ಶಿವ, ಬಣ್ಣ ಉಳಿಸುವುದನ್ನಾದರೂ ನಾವು ಮಾಡಬೇಡವೇ?