ಮೂರನೇ ಡಬ್ಬಿ ಕಾಯುವ ಅಕ್ಕ

ಬೆಳಗಿನ ಐದೂವರೆ. ಬಂದರಿನ ಅಂಗಳದಲ್ಲಿ ಕಂಬದ ದೀಪಗಳು ಇನ್ನೂ ಉರಿಯುತ್ತಿವೆ, ಆದರೆ ಸಮುದ್ರದ ಕಡೆ ಬೆಳಕು ಹರಿಯುತ್ತಿರುವುದರಿಂದ ಅವುಗಳಿಗೆ ಈಗ ಕಿಮ್ಮತ್ತಿಲ್ಲ. ಹಡಗಿನಿಂದ ಇಳಿದ ಕಲ್ಲಿದ್ದಲು ಮನೆಯೆತ್ತರ ಬಿದ್ದಿದೆ. ಅದರ ಬುಡದಲ್ಲಿ ಒಬ್ಬ ಹೆಂಗಸು, ಮಂಡಿಯುದ್ದದ ಬೂಟು ತೊಟ್ಟು, ತಲೆಗೆ ಬಟ್ಟೆ ಬಿಗಿದು, ಹಳೆಯ ಬಿಸ್ಕತ್ತಿನ ಡಬ್ಬದೊಳಗೆ ಕೈಹಾಕಿ ಚೀಟಿ ಎತ್ತುತ್ತಿದ್ದಾರೆ. "ಹದಿನೇಳು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ರಾಶಿಯ ಸುತ್ತ ಸಂಖ್ಯೆ ಬರೆದ ಗೂಟಗಳಿವೆ. ಹದಿನೇಳನೆಯದರ ಬಳಿ ಹೋಗಿ ಒಂದು ಸಲಿಕೆ ತುಂಬಿ ತರುತ್ತಾರೆ. ಮತ್ತೆ ಚೀಟಿ, ಮತ್ತೆ ಸಲಿಕೆ. ಹೀಗೆ ಮೂವತ್ತು ಸಲ.

ಕಣ್ಣಿಗೆ ಕಂಡ ಕಡೆಯಿಂದ ಮೂವತ್ತು ಸಲಿಕೆ ತೆಗೆದರೆ ಆಗದೇ ಎಂದು ಕೇಳಿದರೆ ಅವರು ನಗುತ್ತಾರೆ. "ಕಣ್ಣಿಗೆ ಆಸೆ ಇರುತ್ತೆ. ಹೊಳೆಯೋದರ ಕಡೆನೇ ಹೋಗುತ್ತೆ. ಚೀಟಿಗೆ ಆಸೆ ಇರಲ್ಲ ನೋಡಿ."

ಐವತ್ತೊಂಬತ್ತು ವರ್ಷದ ಇವರನ್ನು ಬಂದರಿನಲ್ಲಿ ಎಲ್ಲರೂ ಕರೆಯುವುದು ಡಬ್ಬಿ ಅಕ್ಕ ಎಂದೇ. ಅವರಿಗಿಂತ ಹಿರಿಯರಾದ ಕ್ರೇನ್ ಚಾಲಕರಿಗೂ ಅವರು ಅಕ್ಕನೇ. ಸರಕಾರದ ಕಲ್ಲಿದ್ದಲು ನಿಗಮದಲ್ಲಿ ಇಪ್ಪತ್ತೇಳು ವರ್ಷದಿಂದ ಅವರ ಕೆಲಸ ಒಂದೇ: ಬಂದ ಸರಕಿನಿಂದ ಸ್ಯಾಂಪಲ್ ತೆಗೆಯುವುದು. ಮೂವತ್ತು ಸಲಿಕೆಯನ್ನು ಪುಡಿ ಮಾಡಿ, ಗೋಪುರದ ಹಾಗೆ ಸುರಿದು, ಮೇಲಿಂದ ತಟ್ಟಿ ಚಪ್ಪಟೆ ಮಾಡಿ, ನಾಲ್ಕು ಭಾಗ ಮಾಡುತ್ತಾರೆ. ಎದುರುಬದುರಿನ ಎರಡು ಭಾಗ ಆಚೆಗೆ, ಉಳಿದೆರಡು ಮತ್ತೆ ಗೋಪುರ. ರಾಶಿ ಕರಗಿ ಕರಗಿ ಒಂದೂವರೆ ಕೆಜಿಗೆ ಬಂದಾಗ ಅದು ಮೂರು ತಗಡಿನ ಡಬ್ಬಿಗಳಿಗೆ ಸಮನಾಗಿ ಇಳಿಯುತ್ತದೆ. ಒಂದು ನಿಗಮದ ಪ್ರಯೋಗಾಲಯಕ್ಕೆ, ಇನ್ನೊಂದು ಕೊಳ್ಳುವವರ ಸಂಘಕ್ಕೆ. ಮೂರನೆಯದಕ್ಕೆ ಅರಗಿನ ಮುದ್ರೆ ಒತ್ತಿ ಅಕ್ಕ ತಮ್ಮ ಕೋಣೆಯಲ್ಲಿಡುತ್ತಾರೆ. ಇಬ್ಬರಿಗೂ ಜಗಳ ಬಂದರೆ ತೆರೆಯಲಿಕ್ಕೆ ಅದು.

ಹಡಗೊಂದಕ್ಕೆ ಒಂಬತ್ತು ರಾಶಿ, ವರ್ಷಕ್ಕೆ ಇಪ್ಪತ್ತೆರಡು ಹಡಗು. ಹತ್ತೊಂಬತ್ತು ವರ್ಷ ಯಾರೂ ಜಗಳವಾಡಲಿಲ್ಲ. ತೊಂಬತ್ತು ದಿನ ಇಟ್ಟು ಮೂರನೇ ಡಬ್ಬಿಯನ್ನು ರಾಶಿಗೇ ಸುರಿದುಬಿಡಬೇಕು ಎಂಬುದು ನಿಯಮ. ಅಕ್ಕ ಇಟ್ಟರು, ಸುರಿದರು, ಇಟ್ಟರು, ಸುರಿದರು.

ಜಗಳ ಬಂದದ್ದು ಎಂಟು ವರ್ಷದ ಹಿಂದೆ. ಈ ದೇಶದಲ್ಲಿ ಹೊರಗಿನ ಕಲ್ಲಿದ್ದಲನ್ನು ತರಿಸುವ ಹಕ್ಕು ನಿಗಮಕ್ಕೆ ಮಾತ್ರ. ಕುಲುಮೆಯವರಾಗಲಿ, ಗಾಜಿನ ಕಾರ್ಖಾನೆಯವರಾಗಲಿ, ಬ್ರೆಡ್ ಸುಡುವ ಬೇಕರಿಯವರಾಗಲಿ ಇವರ ಹತ್ತಿರವೇ ಕೊಳ್ಳಬೇಕು. ಬೆಲೆಯ ಮೇಲೆ ಇಂಧನ ಸೆಸ್ ಬೇರೆ. ಕಲ್ಲು, ಬೂದಿ ಕಮ್ಮಿಯಿದ್ದಷ್ಟೂ ದರ್ಜೆ ಮೇಲು, ದರ್ಜೆ ಮೇಲಾದಷ್ಟೂ ಸೆಸ್ ಜಾಸ್ತಿ. ಬೇಸತ್ತ ಮೂವತ್ತೊಂದು ಮಂದಿ ಸೇರಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅವರದು ಎರಡೇ ಪ್ರಶ್ನೆ. ತರಿಸುವ ಹಕ್ಕು ಒಬ್ಬರಿಗೇ ಯಾಕೆ? ಮೂರನೇ ದರ್ಜೆಯ ಸರಕಿಗೆ ಮೊದಲನೇ ದರ್ಜೆಯ ಸೆಸ್ ಯಾಕೆ? ಸರಕು ಮೊದಲನೇ ದರ್ಜೆಯದೇ, ಇಗೋ ಪ್ರಮಾಣಪತ್ರ ಎಂದಿತು ನಿಗಮ.

ಅರ್ಜಿದಾರರ ಮುಖಂಡರು ಪೇಟೆಬೀದಿಯ ಬೇಕರಿಯ ಯಜಮಾನರು. ದಪ್ಪ ಮೀಸೆ, ಮೀಸೆಯ ಮೇಲೆ ಸದಾ ಹಿಟ್ಟಿನ ಪುಡಿ. "ನಮ್ಮ ಒಲೆಗೆ ಗೊತ್ತಿತ್ತು ಸಾರ್. ಬುಟ್ಟಿ ಹಾಕಿದ್ರೆ ಅರ್ಧ ಬುಟ್ಟಿ ಬೂದಿ ಬರ್ತಿತ್ತು. ಆದರೆ ಸುಟ್ಟುಹೋದ ಮೇಲೆ ಏನಂತ ತೋರಿಸೋದು? ಬೂದಿ ಹಿಡ್ಕೊಂಡು ಕೋರ್ಟಿಗೆ ಹೋಗೋಕಾಗುತ್ತಾ?" ಎನ್ನುತ್ತಾರೆ. ಸಂಘದ ಪಾಲಿಗೆ ಬರುತ್ತಿದ್ದ ಎರಡನೇ ಡಬ್ಬಿ ಎಲ್ಲಿ ಎಂದರೆ ಅವರ ಮುಖ ಸಣ್ಣಗಾಗುತ್ತದೆ. "ಪರೀಕ್ಷೆ ಮಾಡಿಸಬೇಕು ಅಂತ ನಮಗೆ ಹೊಳೀಲೇ ಇಲ್ಲ. ಇದ್ದಲು ಒಲೆಗೆ ಹಾಕ್ತಿದ್ವಿ. ಡಬ್ಬಿ ಗಟ್ಟಿ ಇತ್ತು, ಮೊಳೆ ಹಾಕಿಟ್ಕೊಂಡ್ವಿ."

ಮೊದಲನೇ ಡಬ್ಬಿಯ ಕಥೆಯೂ ಇದಕ್ಕಿಂತ ಮೇಲಲ್ಲ. ಪ್ರಯೋಗಾಲಯದವರು ಅದನ್ನು ತೆರೆಯುತ್ತಲೇ ಇರಲಿಲ್ಲ. ಮಾರಿದವರು ಹಡಗಿನ ಜೊತೆ ಕಳಿಸಿದ ಪ್ರಮಾಣಪತ್ರವನ್ನೇ ಅಂದವಾಗಿ ನಕಲು ಮಾಡಿ ಸಹಿ ಹಾಕುತ್ತಿದ್ದರು. ಉಳಿದದ್ದು ಮೂರನೇ ಡಬ್ಬಿ ಒಂದೇ.

ಅದು ಉಳಿದದ್ದಾದರೂ ಹೇಗೆ? ಕೇಸು ಬಿದ್ದು ಎರಡು ವರ್ಷವಾದರೂ ಅಕ್ಕನಿಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಊಟದ ಡಬ್ಬಿಯ ಕೆಳಗೆ ಹಾಸಿದ ಹಳೇ ಪತ್ರಿಕೆಯಲ್ಲಿ ಅದನ್ನು ಓದಿದರು. ನಿಯಮದ ಪುಸ್ತಕ ತೆಗೆದು ನೋಡಿದರು. 'ವಿವಾದವಿದ್ದಲ್ಲಿ, ವಿವಾದ ಮುಗಿಯುವ ತನಕ ಕಾಯ್ದಿಡತಕ್ಕದ್ದು' ಎಂದಿತ್ತು. 'ಕೋರ್ಟು ಕೇಸು ವಿವಾದವೇ? ದಯಮಾಡಿ ತಿಳಿಸಿ' ಎಂದು ಮೇಲಧಿಕಾರಿಗೆ ಒಂದು ಸಾಲಿನ ಪತ್ರ ಬರೆದರು. ಉತ್ತರ ಇವತ್ತಿಗೂ ಬಂದಿಲ್ಲ. ಅಂದಿನಿಂದ ಅವರು ಒಂದೇ ಒಂದು ಡಬ್ಬಿಯನ್ನೂ ಸುರಿದಿಲ್ಲ.

ಆರು ವರ್ಷಕ್ಕೆ ಸಾವಿರದ ನೂರಾ ಎಂಬತ್ತೆಂಟು ಡಬ್ಬಿಗಳಾದವು. ಕೋಣೆಯ ಒಂದು ಇಡೀ ಗೋಡೆಗೆ ನೆಲದಿಂದ ಸೂರಿನವರೆಗೆ ಕಪಾಟು, ಹಿಂದೊಂದು ಮುಂದೊಂದರಂತೆ ಡಬ್ಬಿ. ಮಧ್ಯೆ ಒಮ್ಮೆ ಅಧಿಕಾರಿಗಳು ಬಂದು, ಗೋಡೆಗೆ ಬಣ್ಣ ಹೊಡೆಸಬೇಕು, ಎಲ್ಲ ಖಾಲಿ ಮಾಡಿ ಎಂದರಂತೆ. "ಆಗಲಿ ಸಾರ್, ಒಂದು ಸಾಲು ಬರೆದುಕೊಡಿ ಅಂದೆ. ಅವರೂ ಪಾಪ ಏನು ಮಾಡ್ತಾರೆ, ಮೇಲಿನವರು ಹೇಳಿ ಕಳಿಸಿರ್ತಾರೆ. ಬರೆದುಕೊಡೋಕೆ ಅವರಿಗೂ ಭಯ, ಸುರಿಯೋಕೆ ನನಗೂ ಭಯ," ಎಂದು ನೆನೆಯುತ್ತಾರೆ ಅಕ್ಕ. ಬರಹ ಬರಲಿಲ್ಲ, ಬಣ್ಣದವರು ಬಂದರು. ಇವತ್ತಿಗೂ ಆ ಕೋಣೆಯ ಮೂರು ಗೋಡೆ ಹಾಲಿನಂತಿವೆ, ಕಪಾಟಿನ ಹಿಂದಿನದು ಹೊಗೆ ಹಿಡಿದಂತಿದೆ. ಆ ವರ್ಷ ಅವರ ಕುರ್ಚಿಯೂ ಶೌಚಾಲಯದ ಪಕ್ಕಕ್ಕೆ ಹೋಯಿತು. ಅದರ ಬಗ್ಗೆ ಕೇಳಿದರೆ, "ಹತ್ತಿರವಾಯ್ತು ಬಿಡಿ, ವಯಸ್ಸಾಗಿದೆ" ಎಂದು ನಗಿಸಿಬಿಡುತ್ತಾರೆ.

ಆದರೆ ಈ ಗಟ್ಟಿಗಿತ್ತಿಯನ್ನು ಕಾಡುತ್ತಿದ್ದುದು ಅಧಿಕಾರಿಗಳ ಭಯವಲ್ಲ, ಒಂಬತ್ತು ಡಬ್ಬಿಗಳು. ಆ ಕಪಾಟಿನಲ್ಲಿ ಒಂಬತ್ತಕ್ಕೆ ಮಾತ್ರ ಕೆಂಪು ದಾರ ಕಟ್ಟಿದೆ. ಅದು ತಿಳಿಯಬೇಕಾದರೆ ಅವರ ಮನೆಗೆ ಹೋಗಬೇಕು.

ಬಂದರಿನ ಹಿಂದಿನ ಓಣಿಯಲ್ಲಿ, ಮಾಳಿಗೆಯ ಮೇಲಿನ ಎರಡು ಕೋಣೆಯ ಮನೆ ಅದು. ಅಕ್ಕನ ಯಜಮಾನರು ಟೈಲರು. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಯಂತ್ರದ ಪಕ್ಕ ಮೊರ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ಅಕ್ಕಿ ಆರಿಸುತ್ತಾರೆ. ಈ ಮನೆಯಲ್ಲಿ ಅಕ್ಕಿಯ ಕಲ್ಲು ಆರಿಸುವುದು, ಬೇಳೆ ಹಸನು ಮಾಡುವುದು ಇಪ್ಪತ್ತೇಳು ವರ್ಷದಿಂದ ಗಂಡನ ಪಾಲು.

ಅದಕ್ಕೆ ಕಾರಣ ಅಕ್ಕನ ಕೆಲಸದ ಮೊದಲ ದಿನ. ಕಸ ಗುಡಿಸಲು ಸೇರಿದ್ದವರನ್ನು ಸ್ಯಾಂಪಲ್ಲಿಗೆ ಕರೆದದ್ದು ಆಗಿನ ಮುದುಕ ಮೇಸ್ತ್ರಿ. ಹೊಸ ಉತ್ಸಾಹದಲ್ಲಿ ಅಕ್ಕ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಇದ್ದಲಿನ ನಡುವೆ ಕಂಡ ಬೂದುಬಣ್ಣದ ಕಲ್ಲುಗಳನ್ನೆಲ್ಲ ಒಂದೊಂದಾಗಿ ಹೆಕ್ಕಿ ಆಚೆಗೆಸೆದರು. ಮೇಸ್ತ್ರಿ ಬಂದು ನೋಡಿ ಇಡೀ ರಾಶಿಯನ್ನು ಕಾಲಿನಿಂದ ಚೆಲ್ಲಿದರು. "ಇದು ನಿನ್ನ ಅಡುಗೆಮನೆ ಅಲ್ಲಮ್ಮ. ಇಲ್ಲಿ ಕಲ್ಲೂ ಸರಕೇ. ಎಷ್ಟು ಕಲ್ಲಿದೆ ಅಂತ ತಿಳಿಯೋಕೇ ತಾನೇ ನಿನ್ನನ್ನ ಇಟ್ಟಿರೋದು?"

ಅವತ್ತು ಸಂಜೆ ಮನೆಗೆ ಬಂದವರೇ ಮೊರವನ್ನು ಗಂಡನ ಮುಂದಿಟ್ಟರು. ಬೆಳಿಗ್ಗೆ ಬಿಡಬೇಕು ಸಂಜೆ ಹೆಕ್ಕಬೇಕು ಅಂದರೆ ಕೈಗೆ ಗಲಿಬಿಲಿಯಾಗುತ್ತದೆ, ಇನ್ನು ಇದು ನಿಮ್ಮದು ಎಂದರು. ಟೈಲರಿಗೆ ಅದರ ಬಗ್ಗೆ ದೂರೂ ಇದೆ, ಹೆಮ್ಮೆಯೂ ಇದೆ. "ಊರಲ್ಲಿ ಎಲ್ಲರ ಹೆಂಡತಿಯರೂ ಕಲ್ಲು ಆರಿಸ್ತಾರೆ. ನನ್ನವಳು ಕಲ್ಲನ್ನ ಜೋಪಾನ ಮಾಡ್ತಾಳೆ."

ನಾಲ್ಕು ವರ್ಷದ ಹಿಂದೆ ಮಗಳ ಬಾಣಂತನಕ್ಕೆಂದು ಅಕ್ಕ ಹಡಗು ಬಾರದ ಒಂದು ತಿಂಗಳು ರಜೆ ಹಾಕಿ ಹೋದರು. ಅಲ್ಲಿ ಮೊರ ಹಿಡಿಯುವ ಗಂಡಸಿರಲಿಲ್ಲ. ತಿಂಗಳಿಡೀ ಅಕ್ಕಿ, ಬೇಳೆ, ಕಾಳು ಎಲ್ಲ ಅವರೇ ಆರಿಸಿದರು. ಮರಳಿ ಬಂದ ಮೊದಲ ಹಡಗಿನಲ್ಲಿ ಮೂರು ದಿನ ಕೆಲಸ ಮಾಡಿ, ಒಂಬತ್ತನೇ ಡಬ್ಬಿಗೆ ಅರಗು ಒತ್ತಿ ಎದ್ದಾಗ ನೋಡುತ್ತಾರೆ, ತಾವು ಕೂತ ಜಾಗದ ಎಡಗಡೆ ಕಲ್ಲಿನದೊಂದು ಪುಟ್ಟ ಗುಡ್ಡೆ. ಕೈ ತನ್ನ ಪಾಡಿಗೆ ತಾನು ಹೆಕ್ಕಿತ್ತು. ಸರಕು ಅಷ್ಟರಲ್ಲಿ ರೈಲು ಹತ್ತಿ ಹೋಗಿಯಾಗಿತ್ತು. "ಅವತ್ತು ಊಟ ಸೇರಲಿಲ್ಲ. ಇವರ ಹತ್ತಿರ ಕೆಂಪು ದಾರ ಇಸ್ಕೊಂಡೆ. ಒಂಬತ್ತಕ್ಕೂ ಕಟ್ಟಿ, ಚೀಟಿ ಬರೆದು ಅಂಟಿಸಿದೆ: ಕೈ ತಪ್ಪಿ ಕಲ್ಲು ಆರಿಸಿದೆ, ನಂಬಬೇಡಿ."

ಈ ವರ್ಷ ಕೊನೆಗೂ ಡಬ್ಬಿಗಳು ನ್ಯಾಯಾಲಯಕ್ಕೆ ಬಂದವು. ಅಕ್ಕ ಸಾಕ್ಷಿಕಟ್ಟೆ ಹತ್ತಿದರು. ನಿಗಮದ ವಕೀಲರು ಮೊದಲ ಬಾಣ ಬಿಟ್ಟರು: ವರ್ಷಗಟ್ಟಲೆ ಇಟ್ಟ ಕಲ್ಲಿದ್ದಲು ಹಾಳಾಗಿರುವುದಿಲ್ಲವೇ? "ಹಳೇದಾದ್ರೆ ಕಾವು ಸ್ವಲ್ಪ ಕಮ್ಮಿಯಾಗಬಹುದು ಸ್ವಾಮಿ. ಕಲ್ಲು ಮರಿ ಹಾಕಲ್ಲ," ಎಂದರು ಅಕ್ಕ. ಯಾವ ಡಬ್ಬಿ ತೆರೆಯಬೇಕೆಂದು ಎರಡೂ ಕಡೆಯವರು ಕಿತ್ತಾಡತೊಡಗಿದಾಗ ಅವರೇ ಕೈಚೀಲದಿಂದ ಬಿಸ್ಕತ್ತಿನ ಡಬ್ಬ ತೆಗೆದರು. "ಇಬ್ಬರೂ ಬೇಡ, ಚೀಟಿ ಎತ್ತಿಸಿ." ನ್ಯಾಯಮೂರ್ತಿಗಳಿಗೆ ಅದು ಹಿಡಿಸಿತು. ಇಪ್ಪತ್ತು ಚೀಟಿ ಎತ್ತಲು ಹೇಳಿದರು.

ಹದಿನಾಲ್ಕನೆಯ ಚೀಟಿಗೆ ಬಂದದ್ದು ಕೆಂಪು ದಾರದ ಡಬ್ಬಿ.

ವಕೀಲರು ಅದನ್ನು ಎತ್ತಿ ಹಿಡಿದು, ಮೇಲಿನ ಬರಹವನ್ನು ಒಮ್ಮೆಯಲ್ಲ, ಎರಡು ಸಲ ಓದಿದರು. ಸಾಕ್ಷಿಯೇ ನಂಬಬೇಡಿ ಎಂದು ಬರೆದಿದ್ದಾರೆ, ಇಡೀ ಕಪಾಟನ್ನೇ ಬಿಟ್ಟುಬಿಡಬೇಕು ಎಂದರು. ಹಿಂದಿನ ಬೆಂಚಿನಲ್ಲಿದ್ದ ಬೇಕರಿಯ ಯಜಮಾನರು ಎದ್ದು ನಿಂತುಬಿಟ್ಟರು. "ಎಂಟು ವರ್ಷದ ಕೇಸು ಒಂದು ದಾರದಲ್ಲಿ ಹೋಯ್ತು ಅಂದ್ಕೊಂಡೆ. ಸುಳ್ಳು ಯಾಕೆ ಹೇಳಲಿ, ಅಕ್ಕನ ಮೇಲೆ ಕೋಪವೂ ಬಂತು."

ಅಕ್ಕ ಮಗಳ ಬಾಣಂತನದಿಂದ ಹಿಡಿದು ಕಲ್ಲಿನ ಗುಡ್ಡೆಯವರೆಗೆ ಎಲ್ಲವನ್ನೂ ಹೇಳಿದರು. ಕಲ್ಲು ತೆಗೆದರೆ ಸರಕು ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ, ತಪ್ಪು ನಡೆದದ್ದು ನಿಗಮಕ್ಕೇ ಅನುಕೂಲವಾಗಿ ಎಂಬುದನ್ನೂ ಹೇಳಿದರು. ನ್ಯಾಯಮೂರ್ತಿಗಳು ಕೇಳಿದ್ದು ಒಂದೇ ಪ್ರಶ್ನೆ: "ಯಾರೂ ನೋಡಿರಲಿಲ್ಲವಲ್ಲ, ಯಾಕೆ ಬರೆದಿಟ್ಟಿರಿ?"

"ಮುಂದೆ ಯಾವತ್ತೋ ಯಾರೋ ತೆಗೀತಾರೆ ಸ್ವಾಮಿ. ಆಗ ಹೇಳೋಕೆ ನಾನು ಇರ್ತೀನೋ ಇಲ್ವೋ ಅಂತ."

ತೀರ್ಪಿಗೆ ಐದು ವಾರ ಹಿಡಿಯಿತು. ಆ ಐದು ವಾರ ಅಕ್ಕ ಎರಡು ಹಡಗು ಇಳಿಸಿಕೊಂಡರು, ಎರಡೂ ಹಡಗಿನಲ್ಲಿ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಕೆಲಸ ಮಾಡಿದರು. ಎಲ್ಲ ಡಬ್ಬಿಗಳೂ ತಿಪ್ಪೆಗೆ ಹೋದರೆ ತಾನು ಬಾಳಿದ್ದಕ್ಕೆ ಏನು ಗುರುತು ಎಂದು ಗಂಡನ ಹತ್ತಿರ ಒಂದು ದಿನ ಕೇಳಿದ್ದರಂತೆ. ಟೈಲರು ಹೇಳುತ್ತಾರೆ: "ನಾನು ಅಕ್ಕಿ ಆರಿಸ್ತಾ ಕೂತೆ. ಮತ್ತೇನು ಮಾಡಲಿ?"

ತೀರ್ಪು ಬಂತು. ಕೆಂಪು ದಾರದ ಒಂಬತ್ತನ್ನು ಬಿಟ್ಟು ಉಳಿದ ಸಾವಿರದ ನೂರಾ ಎಪ್ಪತ್ತೊಂಬತ್ತು ಡಬ್ಬಿಗಳನ್ನೂ ನ್ಯಾಯಾಲಯ ಸಾಕ್ಷ್ಯವೆಂದು ಒಪ್ಪಿತು. ತನ್ನ ತಪ್ಪಿಗೆ ತಾನೇ ದಾರ ಕಟ್ಟಿದವರು ದಾರ ಕಟ್ಟದೆ ಬಿಟ್ಟದ್ದನ್ನು ಅನುಮಾನಿಸಲು ಕಾರಣ ಕಾಣುವುದಿಲ್ಲ ಎಂಬ ಮಾತು ತೀರ್ಪಿನ ನಲವತ್ತನೇ ಪುಟದಲ್ಲಿದೆ. ಚೀಟಿಯಲ್ಲಿ ಬಂದ ಉಳಿದ ಹತ್ತೊಂಬತ್ತನ್ನು ಹೊರಗಿನ ಪ್ರಯೋಗಾಲಯ ಪರೀಕ್ಷಿಸಿತ್ತು. ಹದಿಮೂರು ಮೂರನೇ ದರ್ಜೆಯವು. ಇನ್ನು ಮುಂದೆ ಸೆಸ್ ನಿರ್ಧಾರವಾಗುವುದು ಪ್ರಮಾಣಪತ್ರದಿಂದಲ್ಲ, ಡಬ್ಬಿ ತೆರೆದು. ತರಿಸುವ ಹಕ್ಕು ಒಬ್ಬರಿಗೇ ಯಾಕೆ ಎಂಬ ದೊಡ್ಡ ಪ್ರಶ್ನೆ ಮಾತ್ರ ದೊಡ್ಡ ಪೀಠಕ್ಕೆ ಹೋಗಿದೆ, ಅಲ್ಲಿ ಯಾವಾಗ ಮುಗಿಯುತ್ತದೋ ಯಾರಿಗೂ ಗೊತ್ತಿಲ್ಲ. ಬೇಕರಿಯ ಯಜಮಾನರು ಮೊಳೆಯ ಡಬ್ಬಿಗಳನ್ನೆಲ್ಲ ಖಾಲಿ ಮಾಡಿ, ಉಜ್ಜಿ ತೊಳೆದು ಅಕ್ಕನಿಗೆ ವಾಪಸು ತಂದುಕೊಟ್ಟಿದ್ದಾರೆ. ಜೊತೆಗೆ ಎರಡು ಬಿಸಿ ಬ್ರೆಡ್ಡು. ಬ್ರೆಡ್ಡನ್ನು ಅಕ್ಕ ಕ್ರೇನಿನವರಿಗೆಲ್ಲ ಹಂಚಿ, ಡಬ್ಬಿಗಳನ್ನು ಎಣಿಸಿ ಒಳಗಿಟ್ಟರು.

ಈ ತಿಂಗಳ ಕೊನೆಗೆ ಅವರಿಗೆ ನಿವೃತ್ತಿ. ಕೋಣೆಯ ಬೀಗದ ಕೈ ನ್ಯಾಯಾಲಯ ನೇಮಿಸಿದವರ ಕೈಗೆ ಹೋಗುತ್ತದೆ. ಸನ್ಮಾನ, ಶಾಲು ಏನೂ ಬೇಡ ಎಂದಿದ್ದಾರೆ. ಹಾಗಾದರೆ ಏನು ಬೇಕು ಎಂದು ಕೇಳಿದರೆ ಮೊದಲು ನಾಚುತ್ತಾರೆ, ಆಮೇಲೆ ಕಿಟಕಿಯ ಕಡೆ ಕೈತೋರಿಸುತ್ತಾರೆ.

"ಆ ಮೊರ ನನಗೆ ಬೇಕು. ಒಂದನೇ ತಾರೀಕು ಬೆಳಿಗ್ಗೆ ಆರಾಮಾಗಿ ಕೂತು, ಒಂದು ಮೊರ ಅಕ್ಕೀನ ಒಂದು ಕಲ್ಲೂ ಬಿಡದೆ ಆರಿಸಬೇಕು. ಯಾರೂ ಬೇಡ ಅನ್ನಬಾರದು."

ಟೈಲರು ಯಂತ್ರ ತುಳಿಯುವುದನ್ನು ನಿಲ್ಲಿಸುತ್ತಾರೆ. "ಈಗಿನ ಅಕ್ಕೀಲಿ ಅಷ್ಟು ಕಲ್ಲು ಎಲ್ಲಿ ಬರುತ್ತೆ ಕಣೇ?" ಎನ್ನುತ್ತಲೇ, ಯಂತ್ರದ ಕೆಳಗಿನ ಖಾನೆ ಎಳೆದು ಗುಂಡಿಗಳ ಪಕ್ಕದಿಂದ ಒಂದು ತಗಡಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚುತ್ತಾರೆ. ಒಳಗೆ ಅಕ್ಕಿಯ ಕಲ್ಲುಗಳು, ಕಾಲು ಡಬ್ಬಿಯಷ್ಟಾಗಿವೆ.

"ತೀರ್ಪು ಬಂದ ದಿನದಿಂದ ಎತ್ತಿಡ್ತಾ ಇದ್ದೀನಿ," ಎನ್ನುತ್ತಾರೆ. "ಒಂದನೇ ತಾರೀಕು ಎಲ್ಲಾನೂ ಬೆರೆಸಿ ಕೊಡ್ತೀನಿ, ಆರಿಸ್ಕೋ."