ಎಣ್ಣೆ ಕಡ್ಡಿಯೂ ದೊಡ್ಡಮಾವನೂ

ಮಧ್ಯಾಹ್ನ ಯಾರೋ ಬಂದು ದೊಡ್ಡಮಾವನ ಹತ್ಯಾರಿನ ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತಾರೆ, ಅದಕ್ಕೆ ತಾನೇ ಕಾರಣವೇನೋ ಎಂಬ ಚಿಂತೆ ಬೆಳಗಿನಿಂದ ಅವಳ ಬೆನ್ನು ಬಿಟ್ಟಿರಲಿಲ್ಲ.

ಚಿಂತೆ ಅವಳಿಗೇನೂ ಹೊಸದಲ್ಲ. ಮಗಳು ಸೀನಿದರೆ ನ್ಯುಮೋನಿಯಾ, ಸೀನದಿದ್ದರೆ ಮೂಗು ಕಟ್ಟಿದೆ. ನಗರದಲ್ಲಿ ಓದಿ ಬೆಳೆದವಳನ್ನು ಗಂಡ ಜೆಟ್ಟಿಗೆ ಕಟ್ಟಿದ ಹಳೆಯ ಹಾಯಿದೋಣಿಯಲ್ಲಿ ಸಂಸಾರಕ್ಕಿಟ್ಟಿದ್ದ. ಅಲುಗಾಡುವ ಮನೆಯಲ್ಲಿ ಅವಳಿಗೆ ತೋಚಿದ ಉಪಾಯ ಒಂದೇ: ಎಲ್ಲವನ್ನೂ ಬಿಗಿ ಮಾಡುವುದು. ಅವಳು ಮುಚ್ಚಿದ ಡಬ್ಬಿ ತೆಗೆಯಲು ಗಂಡ ಪಕ್ಕದ ದೋಣಿಯವರನ್ನು ಕರೆಯುತ್ತಿದ್ದ.

ದೊಡ್ಡಮಾವ ಎಂದರೆ ಗಂಡನ ದೊಡ್ಡಪ್ಪ, ಐವತ್ತು ವರ್ಷದಿಂದ ದೋಣಿ ಎಂಜಿನ್ನುಗಳ ವೈದ್ಯ. ಮನುಷ್ಯರ ಜೊತೆ ಮಾತು ಕಡಿಮೆ. ಎಂಜಿನ್ನಿನ ಜೊತೆ ಮಾತ್ರ, "ಏನಮ್ಮಾ, ಎಲ್ಲಿ ನೋವು?" ಎಂದು ವಿಚಾರಿಸುವರು. ನಟ್ಟು ಬಿಚ್ಚುವ ಪಾನಾ ಮುಟ್ಟುವ ಮುಂಚೆ ಚಪ್ಪಲಿ ಬಿಟ್ಟು, ನೆಲದ ಹಲಗೆಯ ಮೇಲೆ ಬರಿಗಾಲಲ್ಲಿ ಕಣ್ಣು ಮುಚ್ಚಿ ನಿಲ್ಲುವರು. ಅಂಗಾಲಿಗೆ ಬಂದ ನಡುಕದಲ್ಲೇ ಅರ್ಧ ಕಾಯಿಲೆ ಗೊತ್ತಾಗುತ್ತಿತ್ತು.

ತಿಂಗಳ ಹಿಂದೆ ಅವರೇ ಈ ದೋಣಿಯ ಗೇರ್ ಬಾಕ್ಸ್ ಬಿಚ್ಚಿ, ಸವೆದ ಕ್ಲಚ್ ಪ್ಲೇಟುಗಳನ್ನು ಬದಲಾಯಿಸಿ ಕೂರಿಸಿದ್ದರು. ಕೊನೆಗೆ ಎಣ್ಣೆಯ ಡಬ್ಬಿ ಅವಳ ಕೈಗೆ ಕೊಟ್ಟು, "ನನ್ನ ಮಂಡಿ ಬಗ್ಗಲ್ಲ. ಎಣ್ಣೆ ಅಳೆಯೋ ಕಡ್ಡೀಲಿ ಗೀಟು ಕಾಣುತ್ತಲ್ಲ, ಅಲ್ಲೀವರೆಗೆ ನೀನೇ ತುಂಬು. ಈ ಜೆಟ್ಟೀಲಿ ನಿನ್ನಷ್ಟು ಜಾಗ್ರತೆ ಇನ್ಯಾರಿಗೂ ಇಲ್ಲ" ಎಂದಿದ್ದರು. ಆ ಮಾತಿಗೆ ಅವಳು ಎರಡು ದಿನ ನೆಲದ ಮೇಲೆ ನಡೆದಿರಲಿಲ್ಲ.

ಕಳೆದ ವಾರ ಗಂಡ, ಹೆಂಡತಿ, ಮಗು ಮೂವರೂ ದೋಣಿಯಲ್ಲಿ ಹೊರಟರು. ಅರ್ಧ ಗಂಟೆ ಸರಿಯಾಗಿ ಹೋಯಿತು. ಆಮೇಲೆ ಎಂಜಿನ್ನು ಒಂದೇ ಸಮ ಅಬ್ಬರಿಸಿತು, ದೋಣಿ ಮಾತ್ರ ಇದ್ದಲ್ಲೇ ಇತ್ತು. ಹಾಯಿ ಎತ್ತಿ ಹೇಗೋ ದಡ ಸೇರಿ ದೊಡ್ಡಮಾವನನ್ನು ಕರೆಸಿದರು. ಅವರು ನೀರೊಳಗಿನ ಪಂಖಕ್ಕೆ ಹೋಗುವ ಶಾಫ್ಟಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎಂಜಿನ್ನು ಬಿಸಿಯಾಗಲು ಬಿಟ್ಟು, ಗೇರು ಹಾಕಿಸಿದರು. ಗೆರೆ ಜಗ್ಗಲಿಲ್ಲ.

"ಪಂಖ ಬಿಡಿ, ಶಾಫ್ಟೇ ತಿರುಗ್ತಿಲ್ಲ. ಕಾಯಿಲೆ ಗೇರ್ ಬಾಕ್ಸಿಂದೇ," ಎಂದರು. "ಎಣ್ಣೆ ನೋಡಿದ್ಯೇನಮ್ಮ?"

"ದಿನಕ್ಕೆ ಮೂರು ಸಲ ನೋಡ್ತೀನಿ ಮಾವ. ಗೀಟಿಗೆ ಸರಿಯಾಗಿ ಭರ್ತಿ ಇದೆ."

"ನೀನು ಹೇಳಿದ್ಮೇಲೆ ಮುಗೀತು."

ಅಷ್ಟಕ್ಕೇ ಮುಗಿಯಲಿಲ್ಲ. ಗಂಡ ಅಕ್ಕಪಕ್ಕದ ದೋಣಿಯವರಿಗೆಲ್ಲ ಕೇಳಿಸುವಂತೆ, "ಹಾಗಾದ್ರೆ ಪ್ಲೇಟೇ ಸರಿ ಕೂತಿಲ್ಲ ದೊಡ್ಡಪ್ಪ. ವಯಸ್ಸಾಯ್ತು, ಇನ್ನು ಮನೇಲಿ ಆರಾಮಾಗಿರಿ" ಎಂದುಬಿಟ್ಟ. ದೊಡ್ಡಮಾವ ತಮ್ಮ ಎರಡೂ ಕೈಗಳನ್ನು ತಿರುವಿ ತಿರುವಿ ನೋಡಿಕೊಂಡರು. ಚಪ್ಪಲಿ ಹಾಕಿಕೊಂಡು ಹೋದವರು ಆಮೇಲೆ ಶೆಡ್ಡಿನ ಬಾಗಿಲನ್ನೇ ತೆಗೆದಿರಲಿಲ್ಲ. ಹತ್ಯಾರುಗಳನ್ನು ಯಾರಿಗೋ ಕೊಟ್ಟುಬಿಡುತ್ತಾರಂತೆ, ಇವತ್ತೇ ಅಂತೆ ಎಂಬ ಸುದ್ದಿ ಬೆಳಿಗ್ಗೆ ಬಂತು.

ಗಂಡ ಕೆಲಸಕ್ಕೆ ಹೋದ. ಮಗು ಮಲಗಿತು. ಕೈಕಾಲು ಆಡದೆ ಅವಳು ಗೇರ್ ಬಾಕ್ಸಿನ ಕೈಪಿಡಿ ಹಿಡಿದು ಕೂತಳು. ಬಿಸ್ಕತ್ತಿನ ಪೊಟ್ಟಣವನ್ನೂ ಎರಡು ಸಲ ಓದುವವಳಿಗೆ ಅದೇನು ದೊಡ್ಡದಲ್ಲ. ಹದಿನೇಳನೆಯ ಪುಟದಲ್ಲಿ ಎರಡು ಚಿತ್ರಗಳಿದ್ದವು. ಒಂದರಲ್ಲಿ ತಿರುಪಿನ ತಲೆಯ ಎಣ್ಣೆ ಕಡ್ಡಿ ತೂತಿನ ಬಾಯಿಯ ಮೇಲೆ ಸುಮ್ಮನೆ ಕೂತಿತ್ತು. ಇನ್ನೊಂದರಲ್ಲಿ ಅದನ್ನು ಪೂರ್ತಿ ತಿರುಗಿಸಿ ಬಿಗಿ ಮಾಡಲಾಗಿತ್ತು, ಆ ಚಿತ್ರದ ಮೇಲೆ ದಪ್ಪನೆಯ ಅಡ್ಡಗೀಟು. ಅಳತೆ ನೋಡುವಾಗ ತಿರುಗಿಸಬಾರದು.

ಅವಳು ಪ್ರತಿ ಸಲ ತಿರುಗಿಸಿದ್ದಳು. ಬಿಗಿ ಮಾಡಿದರೆ ಕಡ್ಡಿ ಒಂದು ಬೆರಳಿನಷ್ಟು ಆಳಕ್ಕಿಳಿದು, ಕಡಿಮೆ ಎಣ್ಣೆಯೂ ಭರ್ತಿಯಾಗಿ ಕಾಣುತ್ತದೆ. ಈಗ ತಿರುಗಿಸದೆ ಸುಮ್ಮನೆ ಇಟ್ಟು ತೆಗೆದಳು. ತುದಿ ಒಣಗಿತ್ತು. ಎಣ್ಣೆ ಸಾಲದೆ ಪ್ಲೇಟುಗಳಿಗೆ ಹಿಡಿತ ಸಿಕ್ಕಿರಲಿಲ್ಲ. ದಿನಕ್ಕೆ ಮೂರು ಸಲ ಕಡ್ಡಿ ಒರೆಸಿ ಒರೆಸಿ ಇದ್ದ ಎಣ್ಣೆಯಲ್ಲೂ ಒಂದಿಷ್ಟನ್ನು ಬಟ್ಟೆಗೆ ಕುಡಿಸಿದ್ದಳು.

ಗೀಟಿನವರೆಗೆ ಎಣ್ಣೆ ತುಂಬಿದಳು. ಹಗ್ಗಗಳನ್ನು ಎರಡೆರಡು ಸಲ ನೋಡಿ, ದೋಣಿ ಕಟ್ಟಿದಲ್ಲೇ ಎಂಜಿನ್ನು ಚಾಲೂ ಮಾಡಿ ಗೇರು ಹಾಕಿದಳು. ಎದ್ದ ಮಗುವನ್ನು ಕಂಕುಳಿಗೆ ಏರಿಸಿಕೊಂಡು ಗಡಿಯಾರ ನೋಡುತ್ತಾ ನಿಂತಳು. ಅರ್ಧ ಗಂಟೆಯಾಯಿತು, ಮುಕ್ಕಾಲಾಯಿತು. ದೋಣಿ ಎಳೆಯುವ ಸೆಳೆತಕ್ಕೆ ಹಗ್ಗ ಬಿಗಿಯಾಗಿಯೇ ಇತ್ತು, ಶಾಫ್ಟು ತಿರುಗುತ್ತಲೇ ಇತ್ತು.

ಗಂಡನಿಗೆ ಹೇಳಿದರೆ ಜೀವಮಾನವಿಡೀ ಆಡಿಕೊಳ್ಳುತ್ತಾನೆ. ಪ್ಲೇಟುಗಳು ತಾವಾಗಿಯೇ ಸರಿಹೋದವು ಎಂದರೆ ನಂಬುತ್ತಾನಾ? ನಂಬಿಯಾನು. ದೊಡ್ಡಮಾವ ನಂಬರು. ಫೋನನ್ನು ಮೂರು ಸಲ ಎತ್ತಿ ಇಟ್ಟಳು. ನಾಲ್ಕನೆಯ ಸಲ ಒತ್ತಿದಳು.

"ಏನಮ್ಮ, ಮಗು ಹುಷಾರಾಗಿದೆ ತಾನೇ?"

"ಮಗು ಚೆನ್ನಾಗಿದೆ ಮಾವ. ನಿಮ್ಮ ಗೇರ್ ಬಾಕ್ಸೂ ಚೆನ್ನಾಗಿದೆ. ತಪ್ಪು ನಂದು. ನಾನು ಕಡ್ಡೀನ ತಿರುಗಿಸಿ ಎಣ್ಣೆ ನೋಡ್ತಿದ್ದೆ."

"ಎಷ್ಟು ಸುತ್ತು?"

"ಪೂರ್ತಿ. ಒಂದೊಂದು ಸಲ ಪಾನಾ ಹಾಕಿ."

ಅವಳು ಬೈಗುಳಕ್ಕೆ ಕಾದಳು. ದೊಡ್ಡಮಾವ ಫೋನು ದೂರ ಹಿಡಿದು ಯಾರಿಗೋ ಹೇಳಿದ್ದು ಕೇಳಿಸಿತು: "ಆ ಪೆಟ್ಟಿಗೆ ಕೆಳಗಿಡಪ್ಪ. ನನಗೆ ಕೆಲಸ ಇದೆ."

ಆಮೇಲೆ ಅವಳಿಗೆ: "ಎಂಜಿನ್ ಆರಿಸ್ಬೇಡ, ನಾನು ಬಂದು ಅದರ ಸದ್ದು ಕೇಳ್ಬೇಕು. ನಿನ್ನ ಗಂಡನನ್ನೂ ಕರೆಸು, ಅಕ್ಕಪಕ್ಕದ ದೋಣಿಯವರೂ ಇರ್ಲಿ. ಮತ್ತೆ ನೋಡಮ್ಮ, ನಾನು ಬರೋವರೆಗೆ ಇನ್ನೇನನ್ನೂ ಬಿಗಿ ಮಾಡ್ಬೇಡ."