ಚಪ್ಪಟೆ ಹೊಟ್ಟೆಯ ಬಾಟಲಿ

ಅಲ್ ಬರ್ಷಾದ ಹೋಟೆಲಿನಲ್ಲಿ ಐದು ವರ್ಷ ತಟ್ಟೆ ಹೊತ್ತ ಮೇಲೆ ನನಗೆ ವೈನ್ ಬಡಿಸುವ ಕೆಲಸ ಸಿಕ್ಕಿತ್ತು, ಅದೂ ಮೂರು ತಿಂಗಳ ಪರೀಕ್ಷೆಯ ಮೇಲೆ. ಕೊನೆಯ ವಾರ ಮ್ಯಾನೇಜರ್ ಕರೆದು, ಹೊಸ ಪಟ್ಟಿಗೆ ನಾನೇ ಒಂದು ವೈನ್ ಆರಿಸಬೇಕೆಂದರು. ಅವರಿಗೆ ಒಪ್ಪಿಗೆಯಾದರೆ ಕೆಲಸ ಖಾಯಂ, ಇಲ್ಲವಾದರೆ ಮತ್ತೆ ತಟ್ಟೆ.

ಬುದ್ಧಿ ಇದ್ದವರು ಫ್ರಾನ್ಸಿನದನ್ನೋ ಇಟಲಿಯದನ್ನೋ ಹಿಡಿಯುತ್ತಿದ್ದರು. ನಾನು ಆರಿಸಿದ್ದು ಜರ್ಮನಿಯ ಫ್ರಾಂಕನ್ ಸೀಮೆಯ ಸಿಲ್ವಾನರ್. ಜರ್ಮನಿಯ ಬಿಳಿ ವೈನ್ ಎಂದರೆ ಎಲ್ಲರೂ ರೀಸ್ಲಿಂಗ್ ಕೇಳುತ್ತಾರೆ, ಇದನ್ನು ಮೂಸಿಯೂ ನೋಡುವುದಿಲ್ಲ. ಕ್ರಿಸ್‌ಮಸ್ಸಿಗೆ ಅಮ್ಮ ಭರಣಿಯಲ್ಲಿ ಹಾಕುತ್ತಿದ್ದ, ಸಕ್ಕರೆ ಸುರಿದ ದ್ರಾಕ್ಷಿ ರಸವನ್ನೇ ವೈನ್ ಎಂದು ನಂಬಿ ಬೆಳೆದವಳು ನಾನು. ತರಬೇತಿಯಲ್ಲಿ ಸಿಲ್ವಾನರ್ ಕುಡಿದಾಗ ಸಿಹಿಯ ಸುಳಿವೇ ಇರಲಿಲ್ಲ. ಸೇಬಿನ ಸಿಪ್ಪೆ, ಹಸಿ ಸೊಪ್ಪು, ಒಂಚೂರು ಮಣ್ಣು. ಮೀನಿನ ಜೊತೆ ಕುಡಿದರೆ ಮೀನಿನ ರುಚಿಗೆ ಅಡ್ಡ ಬರುತ್ತಿರಲಿಲ್ಲ. ನನಗೆ ಅದರ ಮೇಲೆ ಪ್ರೀತಿ ಹುಟ್ಟಿಬಿಟ್ಟಿತು.

“ಎಂತ ಮಾರಾಯ್ತಿ, ಇದೆಂತ ಚಪ್ಪಟೆ ಹೊಟ್ಟೆ? ಕಷಾಯದ ಬಾಟ್ಲಿಯಾ?” ಎಂದ, ನನ್ನ ಕೈಯ ಬಾಟಲಿ ನೋಡಿ, ಬಾರಿನಲ್ಲಿರುವ ಉಡುಪಿಯವನು. ನನಗೆ ನಗು ಬರಲಿಲ್ಲ.

ರುಚಿ ನೋಡುವುದು ಮಧ್ಯಾಹ್ನ ಮೂರಕ್ಕೆ. ಭಯಕ್ಕೆ ನಾನು ಬೆಳಿಗ್ಗೆಯೇ ಬಾಟಲಿಯನ್ನು ಐಸಿನಲ್ಲಿ ಹೂತಿಟ್ಟೆ. ಈ ಮರಳುಗಾಡಿನ ಊರಿನಲ್ಲಿ ನಮಗೆಲ್ಲ ಅದೇ ಚಾಳಿ. ಹೊರಗೆ ಬೆಂಕಿ ಸುರಿಯುವಾಗ ಒಳಗೆ ಎಲ್ಲವೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬೇಕು.

ಮ್ಯಾನೇಜರ್ ಲೆಬನಾನಿನವರು, ಹಿಂದಿ ಕಲಿತದ್ದು ಇಲ್ಲೇ. ಒಂದು ಗುಟುಕು ಕುಡಿದು ಗ್ಲಾಸ್ ಕೆಳಗಿಟ್ಟರು. “ಪಾನಿ ಹೈ. ಖಲಾಸ್.”

ನಾನೂ ನನ್ನ ಗ್ಲಾಸಿನಿಂದ ಕುಡಿದೆ. ಅವರು ಹೇಳಿದ್ದು ಸರಿ, ಬರೀ ನೀರು. ಐಸಿನಲ್ಲಿ ಹೂತಿಟ್ಟು ನನ್ನ ಸಿಲ್ವಾನರ್ ಅನ್ನು ನಾನೇ ಕೊಂದಿದ್ದೆ. ಅವರು ಕುರ್ಚಿ ಹಿಂದೆ ಸರಿಸಿ ಏಳುವುದರಲ್ಲಿದ್ದರು.

ಅಲ್ ಕುಸೈಸಿನ ನನ್ನ ಕೋಣೆಯಲ್ಲಿ ಎಸಿಗೆ ಕೊಬ್ಬರಿ ಎಣ್ಣೆ ದಿನಾ ಕಲ್ಲಾಗುತ್ತದೆ. ಅಂಗೈಗಳ ನಡುವೆ ಬಾಟಲಿ ಹಿಡಿದು ಕೂತರೆ ಕರಗುತ್ತದೆ, ಆಮೇಲೆಯೇ ಪರಿಮಳ. ಅದು ನೆನಪಾಗಿ, “ಸರ್, ಐದೇ ನಿಮಿಷ” ಎಂದೆ.

ಅವರು ಗಡಿಯಾರ ನೋಡಿದರು. “ಯಲ್ಲಾ. ಪಾಂಚ್ ಮಿನಿಟ್, ಬಸ್.”

ಅವರ ಗ್ಲಾಸಿನ ಹೊಟ್ಟೆಯನ್ನು ಎರಡೂ ಅಂಗೈಯಿಂದ ಹಿಡಿದುಕೊಂಡೆ. ಗ್ಲಾಸಿನ ಕಾಲು ಬಿಟ್ಟು ಬೇರೆಲ್ಲೂ ಮುಟ್ಟಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಅವರ ಹುಬ್ಬು ಮೇಲೇರಿತು. ಉಡುಪಿಯವನು ಲೋಟ ಒರೆಸುವುದನ್ನು ನಿಲ್ಲಿಸಿದ. ಬೆರಳು ಮರಗಟ್ಟಿದರೂ ಬಿಡಲಿಲ್ಲ. ಕೊನೆಗೆ ಮೂಗಿಗೆ ಸಣ್ಣಗೆ ಸೇಬು ಬಡಿಯಿತು.

ಅವರು ಕುಡಿದರು. ಮತ್ತೆ ಕುಡಿದರು. ಜೇಬಿನಿಂದ ಪೆನ್ನು ತೆಗೆದು ಪಟ್ಟಿಯಲ್ಲಿ ಸಿಲ್ವಾನರ್ ಎಂದು ಬರೆದರು. “ಗೆಸ್ಟ್ ಮುಂದೆ ಹೀಗೆ ಹಿಡಿದರೆ ಮತ್ತೆ ತಟ್ಟೆಯೇ” ಎಂದು ಹಿಂದಿಯಲ್ಲಿ ಗದರಿ ಹೊರಟುಹೋದರು.

ಅವರು ಎದ್ದುಹೋದ ಕುರ್ಚಿಯಲ್ಲಿ ಕೂತು, ನನ್ನ ಗ್ಲಾಸಿನಲ್ಲಿ ಉಳಿದಿದ್ದನ್ನು ನಿಧಾನಕ್ಕೆ ಕುಡಿದೆ. ಐದು ವರ್ಷದಲ್ಲಿ ಆ ಹೋಟೆಲಿನ ಊಟದ ಕುರ್ಚಿಯ ಮೇಲೆ ನಾನು ಕೂತದ್ದು ಅದೇ ಮೊದಲು.